ಪದ ಬೇಕು (ತುರ್ತು): ಥೈರಾಯ್ಡ್ ಕ್ಯಾನ್ಸರ್ ಚರ್ಮಕ್ಕೆ ಹೋದಾಗ ಏನನ್ನಬೇಕು?

ಗೆಳೆಯರೇ,
ಆಸ್ಪತ್ರೆಯೊಂದಕ್ಕೆ ರೋಗಿಗಳ ಕರಪತ್ರ ಕನ್ನಡ ಮಾಡುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಥೈರಾಯ್ಡ್ ಕ್ಯಾನ್ಸರ್ ಅಪರೂಪಕ್ಕೆ ಚರ್ಮಕ್ಕೂ ಹೋಗುತ್ತದೆ, ಜಾಸ್ತಿ ನೆತ್ತಿಯ ಮೇಲೆ ಗಂಟಾಗಿ ಕಾಣುತ್ತದೆ. ಇದಕ್ಕೆ ‘ಸ್ಥಾನಾಂತರಿತ ಚರ್ಮಾರ್ಬುದ’ (ಅರ್ಬುದ ಅಂದರೆ ಕ್ಯಾನ್ಸರ್) ಅಂತ ಯಾರೋ ಬರೆದಿಟ್ಟಿದ್ದಾರೆ. ‘ಹರಡಿದ’ ಅಂದರೆ ಸಾಕಲ್ವಾ?

---

ಸಾಲದು. ‘ಹರಡು’ ಅಂಟುರೋಗದ ಮಾತು. ಓದಿದ ಮನೆಯವರು ತಟ್ಟೆ ಲೋಟ ಬೇರೆ ಇಡುತ್ತಾರೆ. ಕ್ಯಾನ್ಸರ್‌ಗೆ ಏಡಿಗಂತಿ ಇದೆ, ಥೈರಾಯ್ಡಿಗೆ ಗುರಾಣಿಕ ಗ್ರಂಥಿ ಇದೆ. ಗ್ರೀಕಿನ ‘ಥೈರಿಯೋಸ್’ ಅಂದರೆ ಗುರಾಣಿ. ಇಂಗ್ಲಿಷ್ ವೈದ್ಯ ಥಾಮಸ್ ವಾರ್ಟನ್ 1656ರಲ್ಲಿ ಹೆಸರಿಟ್ಟದ್ದು ಅದರಿಂದಲೇ. ನಮ್ಮ ಪದ ಬಳಸಲು ಏನು ಕಷ್ಟ?

---

‘ಗ್ರಂಥಿ’ ಯಾವ ಊರಿನ ಪದ? ಸಂಸ್ಕೃತದಿಂದ ತಂದರೆ ನಮ್ಮದು, ಇಂಗ್ಲಿಷಿನಿಂದ ತಂದರೆ ಸಾಲ. ಈ ವಾದ ಸಾಕು.

---

ರಾಯರೇ, ಕರಪತ್ರ ಓದುವವರ ಬಾಯಲ್ಲಿ ಇರುವುದು ಕ್ಯಾನ್ಸರ್, ಥೈರಾಯ್ಡ್. ಡಾಕ್ಟರ ಚೀಟಿಯಲ್ಲೂ ಅದೇ. ಇಲ್ಲಿ ಮುಖ್ಯವಾದದ್ದು ವಿಭಕ್ತಿ. ‘ಚರ್ಮದ ಕ್ಯಾನ್ಸರ್’ ಅಂದರೆ ಚರ್ಮದಲ್ಲೇ ಹುಟ್ಟಿದ್ದು. ‘ಚರ್ಮಕ್ಕೆ ಹರಡಿದ ಥೈರಾಯ್ಡ್ ಕ್ಯಾನ್ಸರ್’ ಅಂದರೆ ನೆತ್ತಿಯ ಗಂಟಿನಲ್ಲಿರುವುದೂ ಥೈರಾಯ್ಡ್ ಕೋಶಗಳೇ. ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಒಂದೆರಡು ಗಂಟಿದ್ದರೆ ಕತ್ತರಿಸಿ ತೆಗೆಯಬಹುದು. ಥೈರಾಯ್ಡ್ ಕ್ಯಾನ್ಸರಿನಲ್ಲಿ ಪ್ಯಾಪಿಲರಿ, ಫಾಲಿಕ್ಯುಲರ್ ಬಗೆಯ ಕೋಶಗಳು ಅಯೋಡಿನ್ ಹೀರುವಂತಿದ್ದರೆ ವಿಕಿರಣ ಸೂಸುವ ಅಯೋಡಿನ್-131 ಕೊಡುತ್ತಾರೆ. ಚರ್ಮದಲ್ಲಿ ಕೂತಿದ್ದರೂ ಅವು ಅದನ್ನು ಎಳೆದುಕೊಳ್ಳುತ್ತವೆ. ಹೀರದಿದ್ದರೆ ಲೆನ್ವಾಟಿನಿಬ್, ಸೊರಾಫೆನಿಬ್ ಥರದ ಔಷಧಿಗಳಿವೆ. ಸುಮ್ನೆ ‘ಚರ್ಮಾರ್ಬುದ’ ಅಂತ ಅಚ್ಚಾದರೆ, ಚರ್ಮದ ಕಾಯಿಲೆಗೆ ಥೈರಾಯ್ಡ್ ಔಷಧಿ ಯಾಕೆ, ಅಯೋಡಿನ್-131ಕ್ಕೆ ಮುಂಚೆ ಅಯೋಡಿನ್ ಉಪ್ಪು ಕೆಲವು ದಿನ ಯಾಕೆ ಬಿಡಬೇಕು ಅಂತ ರೋಗಿ ಕೇಳುತ್ತಾರೆ. ಕೇಳಲೇಬೇಕು.

ಅಂಟುರೋಗದ ಭಯ ಮಾತ್ರ ನಿಜ. ಅದನ್ನು ಪದದಿಂದಲ್ಲ, ವಾಕ್ಯದಿಂದ ಕಳೆಯಬೇಕು: ‘ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.’ ಅಯೋಡಿನ್-131 ತಗೊಂಡ ಮೇಲೆ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಲು ಹೇಳುತ್ತಾರೆ. ಅದು ಮೈಯಲ್ಲಿ ಉಳಿದ ವಿಕಿರಣಕ್ಕಾಗಿ. ಇದನ್ನೂ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಜನ ಎರಡನ್ನೂ ಸೇರಿಸಿಕೊಳ್ಳುತ್ತಾರೆ.

---

ಹಾಗಾದರೆ ಪದಕೋಶ ಯಾಕೆ ಬೇಕು? ಎಲ್ಲವನ್ನೂ ಜನ ಅಂದ ಹಾಗೇ ಬರೆದರೆ ಕನ್ನಡ ವೈದ್ಯಸಾಹಿತ್ಯ ಬೆಳೆಯುವುದಿಲ್ಲ.

---

ರಾಯರೇ, ವೈದ್ಯಗ್ರಂಥ ಬರೆಯುವಾಗ ಏಡಿಗಂತಿ ಇರಲಿ. ಕರಪತ್ರಕ್ಕೆ ‘ಚರ್ಮಕ್ಕೆ ಹರಡಿದ ಥೈರಾಯ್ಡ್ ಕ್ಯಾನ್ಸರ್’ ಅಂತಲೇ ಹಾಕುತ್ತಿದ್ದೇನೆ. ಅಂಟುವುದಿಲ್ಲ ಅನ್ನುವ ಸಾಲು ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ.