ಎಟಿವಿಯಲ್ಲಿ (ನಾಲ್ಕು ಚಕ್ರದ ಬೈಕ್) ಎಂಜಿನ್ ಆಯಿಲ್ ತಾನಾಗೇ ಜಾಸ್ತಿ ಆಗ್ತಿದೆ, ಯಾಕೆ?

ದ್ರಾಕ್ಷಿತೋಟದವ: ತಿಕೋಟಾ ಹತ್ತಿರ ನಮ್ಮ ತೋಟ. ಓಡಾಡಲು ಹಳೆಯ ಕಾರ್ಬ್ಯುರೇಟರ್ ಎಟಿವಿ ಇದೆ. ಹೋದ ವಾರ ಆಯಿಲ್ ಸರಿಯಾಗೇ ಇತ್ತು, ಈಗ ಆಯಿಲ್ ಅಳೆಯುವ ಕಡ್ಡಿಯಲ್ಲಿ ಮೇಲಿನ ಗೆರೆ ದಾಟಿದೆ, ಏರ್ ಫಿಲ್ಟರ್ ಡಬ್ಬಿಯಲ್ಲೂ ಆಯಿಲ್. ನಾನಂತೂ ಒಂದು ಹನಿ ಹಾಕಿಲ್ಲ!

ಗ್ರೀಸ್ ಕೈ: ಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್‌ನ ಫ್ಲೋಟ್ ನೀಡಲ್ (ಪೆಟ್ರೋಲ್ ಒಳಬರುವುದನ್ನು ತಡೆಯುವ ಸೂಜಿ) ಸರಿಯಾಗಿ ಮುಚ್ಚುತ್ತಿಲ್ಲ, ಗಾಡಿ ನಿಂತಾಗ ಪೆಟ್ರೋಲ್ ಎಂಜಿನ್ ಒಳಗೆ ಇಳಿಯುತ್ತಿದೆ. ಆಯಿಲ್ ತೆಳುವಾದರೆ ಬೇರಿಂಗ್ ಹಾಳಾಗುತ್ತದೆ, ಸ್ಟಾರ್ಟ್ ಮಾಡಲೇಬೇಡಿ. ಮೊದಲು ನೀಡಲ್ ಬದಲಿಸಿ, ಆಮೇಲೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಹೊಸದು ಹಾಕಿ.

ಬಾಗಲಕೋಟೆ ಸವಾರ: ಗಾಡಿ ಸಮತಟ್ಟು ಜಾಗದಲ್ಲಿತ್ತಾ? ಕಡ್ಡಿ ತಿರುಗಿಸಿ ಬಿಗಿ ಮಾಡಿ ನೋಡಬೇಕೋ, ಸುಮ್ನೆ ಇಟ್ಟು ನೋಡಬೇಕೋ ಅನ್ನೋದೂ ಮಾಡೆಲ್ ಮೇಲೆ ಹೋಗುತ್ತದೆ.

ದ್ರಾಕ್ಷಿತೋಟದವ: ಪೆಟ್ರೋಲ್ ವಾಸನೆನೇ! ಟ್ಯಾಂಕಿನ ಕಾಕ್ ಬಂದ್ ಮಾಡುವ ರೂಢಿನೇ ಇರಲಿಲ್ಲ ನೋಡಿ.