ಮುಚ್ಚಿದ ಶಾಲೆಯಲ್ಲಿ ಹಿರಿಯರಿಗೆ ಜಾಗ ಮಾಡೋಣವಾ?

ತೋಟದಮನೆ: ನಮ್ಮದು ಕೊಡಗಿನ ಪೊನ್ನಂಪೇಟೆ ಕಡೆಯ ಹಳ್ಳಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿದೆ. ಆಶ್ಚರ್ಯವೇನಿಲ್ಲ. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 5.48 ಲಕ್ಷ, 2011ರಲ್ಲಿ 5.54 ಲಕ್ಷ, ಅಷ್ಟೇ. ಓದಿದ ಹುಡುಗರು ಹೊರಗೆ, ಮನೆಮನೆಯಲ್ಲೂ ನಮ್ಮಂಥ ಮುದುಕರು. ಆ ಕಟ್ಟಡದಲ್ಲಿ ಹಗಲು ಹೊತ್ತು ಸೇರೋಣ. ಊಟ, ಬಿಪಿ ನೋಡೋದು, ಎರಡು ಆಟ ಇಸ್ಪೀಟು. ಏನಂತೀರಿ?

ಜೀಪಣ್ಣ: ಮಳೆಗಾಲದಲ್ಲಿ ಬರೋದು ಹೇಗೆ ಅಣ್ಣಾ? ನಮ್ಮ ಅತ್ತೆ ಮನೆಯಿಂದ ಪಕ್ಕದ ಮನೆಗೆ ತೋಟದೊಳಗೆ ಅರ್ಧ ಕಿಲೋಮೀಟರ್. ಆನೆ ಕಾಟ ಬೇರೆ. ಮೊದಲು ಗಾಡಿ, ಆಮೇಲೆ ಕಟ್ಟಡ.

ದೂರದಮಗ: ನಾನು ಬೆಂಗಳೂರಲ್ಲಿದ್ದೇನೆ. ಅಪ್ಪನಿಗೆ 79, ಇಲ್ಲಿಗೆ ಬನ್ನಿ ಅಂದರೆ ಬರಲ್ಲ. ಕ್ಯಾಮೆರಾ ಹಾಕಿಸಿದೆ. ಮರ ಬಿದ್ದು ಲೈನ್ ಕಿತ್ತುಹೋದರೆ ಅದೂ ಸುಮ್ನೆ. ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಬೆಳಗ್ಗೆ ಗೇಟಿನ ಹತ್ತಿರ ಪಾತ್ರೆ ಇಟ್ಟಿಲ್ಲ ಅಂತ ಹಾಲಿನವನು ಒಳಗೆ ಹೋಗಿ ನೋಡಿದ. ಕಂಡುಹಿಡಿದಿದ್ದು ಕ್ಯಾಮೆರಾ ಅಲ್ಲ, ಅವನು.

ತೋಟದಮನೆ: ನಮ್ಮ ಕೊಡವರಲ್ಲಿ ಸಾವಾದರೆ ಸುದ್ದಿ ತಿಳಿಸಲು ಎರಡು ಗುಂಡು ಹಾರಿಸುತ್ತೇವೆ, ನೆರೆಕರೆಯವರೆಲ್ಲ ಓಡಿ ಬರುತ್ತಾರೆ. ಬದುಕಿರುವವನು ಬಿದ್ದರೆ ಯಾರಿಗೂ ಕೇಳಿಸಲ್ಲ.

ಲೈನ್‌ಮನೆ ಹುಡುಗಿ: ನೀವೆಲ್ಲ ಸ್ವಂತ ಮನೆ ಇರುವವರ ಮಾತಾಡುತ್ತಿದ್ದೀರಿ. ನಮ್ಮಜ್ಜಿ ನಲವತ್ತು ವರ್ಷ ಕಾಫಿ ಕುಯ್ದಳು. ಕೈಲಾಗಲ್ಲ ಅಂದ ತಿಂಗಳೇ, ಕೆಲಸದವರಿಗೆ ತೋಟದಲ್ಲಿ ಕೊಡುವ ಲೈನ್ ಮನೆ ಖಾಲಿ ಮಾಡಿ ಅಂದರು. ಸಂಧ್ಯಾ ಸುರಕ್ಷಾ ಪಿಂಚಣಿ ಅಂತ ತಿಂಗಳಿಗೆ ಬರುವ 1,200 ರೂಪಾಯಿಯಲ್ಲಿ ಬಾಡಿಗೆ ಕಟ್ಟಬೇಕಾ, ಮಾತ್ರೆ ತಗೋಬೇಕಾ? ನಿಮ್ಮ ಶಾಲೆಯಲ್ಲಿ ಅವಳಿಗೂ ಬೆಂಚು ಇದೆಯಾ?

ತೋಟದಮನೆ: ಇದೆ ತಾಯಿ. ಬರೆಯುವಾಗ ಅಜ್ಜಿಯಂಥವರು ನೆನಪಾಗಲಿಲ್ಲ, ನನ್ನದೇ ತಪ್ಪು.

ಮಡಿಕೇರಿ ಸಿಸ್ಟರ್: ಹೃದಯದ್ದೋ ಮೆದುಳಿನದ್ದೋ ದೊಡ್ಡ ತೊಂದರೆಯಾದರೆ ನಾವೂ ಮೈಸೂರಿಗೋ ಮಂಗಳೂರಿಗೋ ಕಳಿಸುವುದೇ ಜಾಸ್ತಿ. ಮೈಸೂರಿಗೆ ಇಲ್ಲಿಂದ ಸುಮಾರು 120 ಕಿ.ಮೀ., ಘಾಟಿ ರಸ್ತೆ, ರೈಲೂ ಇಲ್ಲ. ಹಾಗಾಗಿ ವಾರಕ್ಕೊಮ್ಮೆ ಬಿಪಿ, ಶುಗರ್ ನೋಡಿದರೆ ಅದೇ ದೊಡ್ಡದು. ಹಿರಿಯರ ಸಹಾಯವಾಣಿ 14567, ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ.

ದೂರದಮಗ: ಹಾಲಿನವನನ್ನೂ ಸೇರಿಸಿಕೊಳ್ಳಿ. ಯಾರ ಮನೆಯಲ್ಲಿ ಪಾತ್ರೆ ಕಾಣಲಿಲ್ಲವೋ ಅವನು ಒಂದು ಫೋನ್ ಮಾಡಲಿ. ಅವನ ರೀಚಾರ್ಜ್ ನನ್ನದು.

ಜೀಪಣ್ಣ: ಸರಿ, ಸಂತೆ ದಿನ ನನ್ನ ಜೀಪ್ ಹೋಗುವಾಗ ಖಾಲಿಯೇ. ಡೀಸೆಲ್ ಹಂಚಿಕೊಂಡರೆ ಹತ್ತು ಜನರನ್ನು ಶಾಲೆ ಹತ್ತಿರ ಇಳಿಸುತ್ತೇನೆ, ಮೊದಲು ಲೈನ್ ಮನೆ ಕಡೆಯಿಂದ. ಇಸ್ಪೀಟಿಗೆ ಮಾತ್ರ ನಮ್ಮ ಮಾವನನ್ನು ಕರೆಯಬೇಡಿ. ಸೋತರೆ ಮೂರು ದಿನ ಯಾರ ಹತ್ತಿರವೂ ಮಾತಾಡಲ್ಲ.