ಪದಚರ್ಚೆ: 'ಕ್ಯಾರೆಕ್ಟರ್ ಆಕ್ಟರ್'ಗೆ ಕನ್ನಡದಲ್ಲಿ ಏನು? (ಇವತ್ತು ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ನಮ್ಮ ಫಿಲಂ ಸೊಸೈಟಿಯಲ್ಲಿ ಈ ಭಾನುವಾರ ಹಳೆಯ ಇಂಗ್ಲಿಷ್ ಚಿತ್ರಗಳ ಪ್ರದರ್ಶನ ಇದೆ. ಬಾಗಿಲ ಬಳಿ ನಿಲ್ಲಿಸುವ ಫ್ಲೆಕ್ಸ್‌ಗೆ ಸಿ. ಆಬ್ರಿ ಸ್ಮಿತ್ ಬಗ್ಗೆ ಮೂರು ಸಾಲು ಬರೆದುಕೊಡಬೇಕು. ಪ್ರಿಂಟಿಂಗ್‌ನವರು 6 ಗಂಟೆಗೆ ಫೈಲ್ ಕೇಳಿದ್ದಾರೆ. ಇಂಗ್ಲಿಷ್ ಟಿಪ್ಪಣಿಯಲ್ಲಿ 'ಕ್ಯಾರೆಕ್ಟರ್ ಆಕ್ಟರ್' ಅಂತ ಇದೆ. ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಆಳು ಎಂಥವರು ಅಂತ ಹೇಳಿಬಿಡುತ್ತೇನೆ. 1863ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು. ಮೊದಲು ಕ್ರಿಕೆಟ್, ಸಸೆಕ್ಸ್ ಕ್ಯಾಪ್ಟನ್. 1889ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಇಂಗ್ಲೆಂಡ್ ನಾಯಕರಾಗಿ ಒಂದೇ ಒಂದು ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸ್‌ನಲ್ಲಿ 19 ರನ್ನಿಗೆ 5 ವಿಕೆಟ್. ಆಮೇಲೆ ನಾಟಕ. ಸಿನಿಮಾಕ್ಕೆ ಮಾತು ಬಂದಾಗ ವಯಸ್ಸು 60 ದಾಟಿತ್ತು. ನಿಜವಾದ ಹೆಸರು ಬಂದದ್ದೇ ಅಲ್ಲಿಂದ. 1932ರ ಟಾರ್ಜನ್‌ನಲ್ಲಿ ಜೇನ್‌ಳ ಅಪ್ಪ, 1937ರ 'ಪ್ರಿಸನರ್ ಆಫ್ ಜೆಂಡಾ'ದಲ್ಲಿ ಕರ್ನಲ್. ದಪ್ಪ ಹುಬ್ಬು, ಇಳಿಬಿದ್ದ ಮೀಸೆ, ಗುಡುಗುವ ದನಿ. ಹೀರೋ ಅಲ್ಲ, ವಿಲನ್ನೂ ಅಲ್ಲ. ಇಂಥವರಿಗೆ ನಾವು ಏನಂತೀವಿ?

— ತುಮಕೂರು

*

ಪೋಷಕ ನಟ. ನಮ್ಮ ಅಶ್ವತ್ಥ್, ಬಾಲಕೃಷ್ಣ ಎಲ್ಲರಿಗೂ ಅದೇ ಪದ. ಇದಕ್ಕೆ ಚರ್ಚೆ ಬೇಕಿರಲಿಲ್ಲ.

— ಮೈಸೂರು

*

ಮೈಸೂರಿನ ಸರ್, ಆ ಪದ ನನಗೂ ಹೊಳೆದಿತ್ತು. ಆದರೆ 'ಪೋಷಕ' ಅನ್ನೋದು 'ಸಪೋರ್ಟಿಂಗ್' ಅನ್ನೋದರ ಅನುವಾದ ಅಲ್ವಾ? ಅದು ಪಾತ್ರ ಎಷ್ಟು ದೊಡ್ಡದು ಅಂತ ಹೇಳುತ್ತದೆ. ಆಸ್ಕರ್‌ನಲ್ಲಿ ಆ ವಿಭಾಗ ಸೇರಿದ್ದೇ 1936ರ ಚಿತ್ರಗಳಿಂದ. 'ಕ್ಯಾರೆಕ್ಟರ್ ಆಕ್ಟರ್' ಅನ್ನೋದು ಅದಕ್ಕಿಂತ ಹಳೆಯದು, ನಾಟಕದವರ ಮಾತು. ಯಾವ ಥರದ ಮನುಷ್ಯನನ್ನು ಆಡಿ ತೋರಿಸುತ್ತಾನೆ ಅನ್ನೋದು ಅದರಲ್ಲಿದೆ.

1939ರ 'ಫೋರ್ ಫೆದರ್ಸ್' ನೋಡಿ. ಸ್ಮಿತ್ ಅದರಲ್ಲಿ ಹಳೆಯ ಜನರಲ್. ಊಟ ಮುಗಿದ ಮೇಜಿನ ಮೇಲೆ ಬೀಜಗಳನ್ನು ರಷ್ಯಾದ ಫಿರಂಗಿಗಳು ಅಂತ ಜೋಡಿಸುತ್ತಾರೆ. ಅನಾನಸನ್ನೂ ಎಳೆದುಕೊಳ್ಳುತ್ತಾರೆ. ಕ್ರಿಮಿಯಾ ಯುದ್ಧದ ಅದೇ ಕತೆ, ಅದೇ ಜಾಗದಲ್ಲಿ ದನಿ ಏರಿಸಿ, ಮತ್ತೆ ಹೇಳುತ್ತಾರೆ. ಇಂಥ ಒಬ್ಬ ತಾತ ನಮ್ಮ ಬೀದಿಯಲ್ಲೂ ಇದ್ದಾರೆ ಅನ್ನಿಸಿಬಿಡುತ್ತದೆ. ಆ ಕೆಲಸವನ್ನು 'ಪೋಷಕ' ಹೇಳುತ್ತದಾ?

ಇನ್ನೊಂದು ಕಷ್ಟ. ಈಗಿನ ಮಕ್ಕಳಿಗೆ 'ಪೋಷಕರು' ಅಂದರೆ ಸ್ಕೂಲಿನ ಮೀಟಿಂಗ್‌ಗೆ ಬರುವ ಅಪ್ಪ ಅಮ್ಮ.

— ತುಮಕೂರು

*

'ಪೋಷಕ'ವನ್ನು ಅಷ್ಟು ಸುಲಭವಾಗಿ ಬಿಡಬೇಡಿ. ಹಳೆಯ ನಾಟಕ ವಿಮರ್ಶೆಗಳಲ್ಲಿ 'ಪಾತ್ರಪೋಷಣೆ' ಅನ್ನೋ ಮಾತಿದೆ. ಪಾತ್ರವನ್ನು ಉಣಿಸಿ ಬೆಳೆಸುವವ ಪೋಷಕ. ಹೀರೋಗೆ ಹೆಗಲು ಕೊಡುವವ ಅಂತಲ್ಲ. ಹೀಗೆ ನೋಡಿದರೆ ನಿಮ್ಮ ಸ್ಮಿತ್‌ಗೆ ಇದಕ್ಕಿಂತ ಒಳ್ಳೆಯ ಪದ ಇಲ್ಲ.

ಚಿತ್ರಕ್ಕೆ ಮಾತು ಬಂದಾಗ ಎಲ್ಲ ಕಡೆ ನಡೆದದ್ದೂ ಒಂದೇ. 1927ರಲ್ಲಿ 'ಜಾಝ್ ಸಿಂಗರ್' ಬಂದ ಮೇಲೆ ಹಾಲಿವುಡ್ ದನಿ ಪಳಗಿದ ರಂಗನಟರನ್ನು ಹುಡುಕಿತು. ಸ್ಮಿತ್ ಬ್ರಾಡ್‌ವೇಯಲ್ಲಿ ಆಡಿದ್ದ ಪಾತ್ರವನ್ನೇ 1931ರಲ್ಲಿ ತೆರೆಯ ಮೇಲೂ ಮಾಡಿದರು. ನಮ್ಮಲ್ಲಿ 1934ರ 'ಸತಿ ಸುಲೋಚನಾ'ಗೆ ಬಂದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಕೂಡ ನಾಟಕ ಕಂಪನಿಯವರೇ. ಪದವನ್ನೂ ನಾಟಕದಿಂದಲೇ ತನ್ನಿ.

— ಧಾರವಾಡ

*

ಧಾರವಾಡದವರು ಹೇಳಿದ್ದು ಈಗ ಕಟ್ಟಿದ ವ್ಯುತ್ಪತ್ತಿ. ಪೋಷಕ ನಟ ಅನ್ನುವಾಗ ಪಾತ್ರಪೋಷಣೆಯನ್ನು ಯಾರೂ ನೆನೆಸಿಕೊಳ್ಳೋದಿಲ್ಲ. ತಮಿಳಿನಲ್ಲಿ 'ಗುಣಚಿತ್ರ ನಡಿಗರ್' ಅನ್ನುತ್ತಾರೆ. ಗುಣಚಿತ್ರ ನಟ ಅಂತ ಹಾಕಿ. ಹಿಂದಿಯವರ 'ಚರಿತ್ರ' ಮಾತ್ರ ತರಬೇಡಿ. ನಮ್ಮಲ್ಲಿ ಚರಿತ್ರೆ ಅಂದರೆ ಇತಿಹಾಸ, ಚಾರಿತ್ರ್ಯ ಅಂದರೆ ನಡತೆ. ಎರಡೂ ಕೆಡುತ್ತದೆ.

— ಬೆಂಗಳೂರು

*

ಗುಣಚಿತ್ರ? ಇಡೀ ಕರ್ನಾಟಕದಲ್ಲಿ ಒಬ್ಬರಿಗೂ ಅರ್ಥವಾಗೋದಿಲ್ಲ. ಬೇಡ.

— ಮೈಸೂರು

*

ಯಕ್ಷಗಾನದಲ್ಲಿ ಈ ತೊಡಕೇ ಇಲ್ಲ. ಒಬ್ಬರು ಬಣ್ಣದ ವೇಷಕ್ಕೆ, ಒಬ್ಬರು ಸ್ತ್ರೀವೇಷಕ್ಕೆ, ಒಬ್ಬರು ಎರಡನೇ ವೇಷಕ್ಕೆ, ಒಬ್ಬರು ಹಾಸ್ಯಕ್ಕೆ. ಎರಡನೇ ವೇಷದವರನ್ನು ಯಾರೂ ಕಡಿಮೆ ಅಂದುಕೊಳ್ಳೋದಿಲ್ಲ. ಅವರ ಪದ್ಯ ಬರಲಿ ಅಂತಲೇ ರಾತ್ರಿಯೆಲ್ಲ ಕಾದು ಕೂರುವವರಿದ್ದಾರೆ. ಇಂಥ ವೇಷಕ್ಕೆ ಇಂಥವರೇ ಆಗಬೇಕು ಅನ್ನುತ್ತೇವಲ್ಲ, ಇಂಗ್ಲಿಷಿನವರು ಹೇಳುತ್ತಿರೋದೂ ಅದನ್ನೇ. 'ವೇಷ' ಬಳಸಿ.

— ಕುಂದಾಪುರ

*

ಪೋಷಕ, ಪಾತ್ರ, ಗುಣ, ಚಿತ್ರ, ನಟ, ವೇಷ. ಎಲ್ಲವೂ ಸಂಸ್ಕೃತ. ಕನ್ನಡದಲ್ಲಿ 'ಆಟ' ಇದೆ. ಬಯಲಾಟ, ದೊಡ್ಡಾಟ, ಸಣ್ಣಾಟ. ಆಡುವವನು ಆಟಗಾರ. ಕೈಯಲ್ಲಿರೋದನ್ನು ಬಿಟ್ಟು ಕಂಡವರ ಮನೆಗೆ ಹೋಗಿ ಬೇಡೋದು ಯಾಕೆ? ಮಾತು ಬಂದ ಸಿನಿಮಾಕ್ಕೆ 'ಟಾಕಿ' ಅಂತಲೂ ಬರೆಯಬೇಡಿ. ಮಾತಿನ ಚಿತ್ರ ಅನ್ನಿ.

— ಶಿವಮೊಗ್ಗ

*

'ಚಿತ್ರ' ಸಂಸ್ಕೃತ ಅಂತ ನೀವೇ ಹೇಳಿ ಮಾತಿನ ಚಿತ್ರ ಅನ್ನುತ್ತಿದ್ದೀರಿ. ಟಾಕೀಸ್‌ಗೆ ಕನ್ನಡಿಗರು ಬೇರೆಯದೇ ಅರ್ಥ ಕೊಟ್ಟುಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಅದು ಮಾತಾಡುವ ಚಿತ್ರ, ನಮ್ಮ ಊರುಗಳಲ್ಲಿ ಅದು ಸಿನಿಮಾ ತೋರಿಸುವ ಕಟ್ಟಡ. 'ಟಾಕೀಸ್ ಹತ್ತಿರ ಇಳಿಸಿ' ಅಂತ ಬಸ್ಸಿನಲ್ಲಿ ಹೇಳುವ ಅಜ್ಜಿ ಇಂಗ್ಲಿಷ್ ಮಾತಾಡುತ್ತಿಲ್ಲ. ಎರವಲು ತಂದ ಪದ ಊರಿನವರ ಬಾಯಲ್ಲಿ ಹೊಸ ಅರ್ಥ ಪಡೆದರೆ ಅದು ನಮ್ಮದೇ.

— ಬೆಂಗಳೂರು

*

ಬಾಯಿಗೆ ಬಂದದ್ದೆಲ್ಲ ನಮ್ಮದಾದರೆ ಈ ಪದಚರ್ಚೆಯನ್ನೇ ಮುಚ್ಚಬಹುದು.

— ಶಿವಮೊಗ್ಗ

*

ದಯವಿಟ್ಟು ಇಬ್ಬರೂ ಆ ಜಗಳಕ್ಕೆ ಬೇರೆ ಪತ್ರ ತೆರೆಯಿರಿ. ನನಗೆ ಉಳಿದಿರೋದು 40 ನಿಮಿಷ.

ಶಿವಮೊಗ್ಗದ ಸರ್, 'ಆಟಗಾರ' ನನಗೂ ಇಷ್ಟ. ಆದರೆ ಈ ಮನುಷ್ಯ ನಿಜವಾಗಿಯೂ ಕ್ರಿಕೆಟ್ ಆಟಗಾರ. 1932ರಲ್ಲಿ ಹಾಲಿವುಡ್ ಕ್ರಿಕೆಟ್ ಕ್ಲಬ್ ಕಟ್ಟಿ ಬೋರಿಸ್ ಕಾರ್ಲಾಫ್, ಡೇವಿಡ್ ನಿವೆನ್ ಅವರನ್ನೂ ಮೈದಾನಕ್ಕೆ ಇಳಿಸಿದವರು. 'ಹಾಲಿವುಡ್‌ನ ಆಟಗಾರ' ಅಂತ ಬರೆದರೆ ಓದುವವರಿಗೆ ಬ್ಯಾಟೇ ಕಾಣುತ್ತದೆ. ಕುಂದಾಪುರದ ಅಣ್ಣ, 'ವೇಷಧಾರಿ' ಅಂದರೆ ಘಟ್ಟದ ಮೇಲೆ ಕಪಟಿ ಅನ್ನೋ ಅರ್ಥವೇ ಜಾಸ್ತಿ. ಆದರೆ ಬರೀ 'ವೇಷ'ಕ್ಕೆ ಆ ಕಳಂಕ ಇಲ್ಲ.

ಒಂದೇ ಪದಕ್ಕೆ ಎಲ್ಲ ಭಾರ ಹೊರಿಸಿದ್ದು ನನ್ನ ತಪ್ಪು. ಪದದಲ್ಲಿ ಸಾಲದ್ದನ್ನು ವಾಕ್ಯ ಹೇಳಲಿ. ಹೀಗೆ ಕಳಿಸುತ್ತಿದ್ದೇನೆ:

"ಸಿ. ಆಬ್ರಿ ಸ್ಮಿತ್ (1863–1948). ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರಾಗಿದ್ದವರು, ಆಮೇಲೆ ರಂಗನಟ. ವಾಕ್ಚಿತ್ರ ಬಂದ ಮೇಲೆ ಹಾಲಿವುಡ್‌ನಲ್ಲಿ ಕರ್ನಲ್, ಡ್ಯೂಕ್, ಅಪ್ಪ, ಅಜ್ಜ ಇಂಥ ವೇಷಗಳಿಗೆ ಇವರೇ ಆಗಬೇಕು ಅನ್ನಿಸಿಕೊಂಡ ಪೋಷಕ ನಟ."

— ತುಮಕೂರು

*

ಮೊದಲ ಉತ್ತರದಲ್ಲೇ ಹೇಳಿದ್ದೆ.

— ಮೈಸೂರು

*

ವಾಕ್ಯ ಚೆನ್ನಾಗಿದೆ. 'ವಾಕ್ಚಿತ್ರ'ದ ಒತ್ತಕ್ಷರ ಒಂದು ಸಲ ನೋಡಿಕೊಳ್ಳಿ. ಫ್ಲೆಕ್ಸ್‌ನವರ ಫಾಂಟ್‌ನಲ್ಲಿ ಅದು ಒಡೆದು 'ವಾಕ್‌ಚಿತ್ರ' ಆಗುತ್ತದೆ. ಪಿಡಿಎಫ್ ಮಾಡಿಯೇ ಕಳಿಸಿ.

— ಧಾರವಾಡ